ಗೌರವ್ವನ ಅಡುಗೆ ಕೆಟ್ಟ ಕಥೆ

ಗಜೇಂದ್ರಗಡದ ಒಂದು ಓಣಿಯಲ್ಲಿ ಗಾದಿ ಹೊಲಿಯುವ ಫಕೀರಪ್ಪನ ಮನೆ. ಹೆಂಡತಿ ಗೌರವ್ವ, ಮಗ ಬಸವಂತ, ಕಾಲೇಜಿಗೆ ಹೋಗುವ ಮಗಳು ಗಿರಿಜಾ. ಬಸವಂತನ ಕೈಹಿಡಿದು ಆ ಮನೆಗೆ ಬಂದ ಸೊಸೆ ಕಲಾವತಿ.

ಮಧ್ಯಾಹ್ನದ ಊಟ ಆ ಮನೆಯಲ್ಲಿ ಯಾರು ಯಾವಾಗ ಮಾಡಿದರೂ ನಡೆಯುತ್ತಿತ್ತು. ಸಂಜೆಯ ಊಟ ಹಾಗಲ್ಲ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಗ ಅಂಗಡಿ ಮುಚ್ಚಿ ಬರುತ್ತಿದ್ದರು. ತಲೆಯಲ್ಲಿ, ಹುಬ್ಬಿನಲ್ಲಿ, ಕಿವಿಯ ಮೇಲೆಲ್ಲ ಹತ್ತಿಯ ಎಳೆ. ಅಂಗಳದಲ್ಲಿ ಮೈ ಕೊಡವಿಕೊಂಡು, ಕೈಕಾಲು ತೊಳೆದು ಒಳಗೆ ಬಂದರೆ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತಿತ್ತು. ದೊಡ್ಡ ಅಡುಗೆಯೇನಲ್ಲ. ಬಿಸಿ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಆದರೆ ಆ ಪಲ್ಯ ಗೌರವ್ವನ ಕೈಯದು. ಅವಳು ಒಗ್ಗರಣೆ ಹಾಕಿದರೆ ಆಚೆ ಮನೆಯವರು ತಮ್ಮ ಮನೆಯಲ್ಲೇ ಕೂತು, "ಇವತ್ತು ಗೌರವ್ವ ಬದನೀಕಾಯಿ ಮಾಡ್ಯಾಳ" ಎನ್ನುತ್ತಿದ್ದರು. ಅಂಗಡಿಯಲ್ಲಿ ಎಷ್ಟೇ ಜಗಳ ಆಡಿ ಬಂದಿದ್ದರೂ ಅಪ್ಪ ಮಗ ಎರಡನೇ ರೊಟ್ಟಿಗೆ ಬರುವಷ್ಟರಲ್ಲಿ ನಗುತ್ತಿದ್ದರು.

ಒಲೆಯ ಮುಂದೆ ಗೌರವ್ವ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಸೊಸೆ ಹಿಟ್ಟು ನಾದಬೇಕು, ರೊಟ್ಟಿ ಬಡಿಯಬೇಕು, ಪಾತ್ರೆ ತೊಳೆಯಬೇಕು. ಪಲ್ಯದ ಗಡಿಗೆಗೆ ಮಾತ್ರ ಕೈ ಹಚ್ಚುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ಕಲಾವತಿ ಒಂದು ಸಂಜೆ ಆಸೆಪಟ್ಟು ಹೆಸರುಕಾಳಿನ ಪಲ್ಯ ಮಾಡಿದ್ದಳು. ಉಪ್ಪು ಚೂರು ಹೆಚ್ಚಾಗಿತ್ತು. ಎಲ್ಲರೂ ಊಟಕ್ಕೆ ಕೂತಾಗ ಗೌರವ್ವ ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ, ತಂಬಿಗೆಯ ನೀರು ತಂದು ಪಲ್ಯದ ಪಾತ್ರೆಗೆ ಸುರಿದಳು.

"ನಿಮ್ಮ ತವರಮನ್ಯಾಗ ಉಪ್ಪು ಹಿಂಗ ಮುಟಿಗಿಲೆ ಹಾಕತಾರೇನು?"

ಗಿರಿಜಾ ನಕ್ಕಳು. ಬಸವಂತ ತಲೆ ತಗ್ಗಿಸಿ ರೊಟ್ಟಿ ಮುರಿದ. ಮಾವ ಮೊಸರು ಕೇಳಿದ. ಆ ಸಾಲಿನಲ್ಲಿ ಒಬ್ಬರಾದರೂ ತನ್ನ ಪರವಾಗಿ ಒಂದು ಮಾತು ಆಡಿಯಾರು ಎಂದು ಕಲಾವತಿ ಕಾದಳು. ಯಾರೂ ಆಡಲಿಲ್ಲ. ಅಂದಿನಿಂದ ಅವಳು ರೊಟ್ಟಿಯ ಹಂಚು ಬಿಟ್ಟು ಆಚೆ ಕೈ ಚಾಚಲಿಲ್ಲ.

ಹೀಗೇ ಸಂಸಾರ ನಡೆದಿತ್ತು. ಒಂದು ಚಳಿಗಾಲದಲ್ಲಿ ಊರಿಗೆಲ್ಲ ನೆಗಡಿ ಜ್ವರ ಬಂತು. ಗೌರವ್ವನೂ ಮಲಗಿದಳು. ಅವಳು ಮಲಗಿದ್ದಷ್ಟು ಕಾಲ ಕಲಾವತಿ ಗಂಜಿ, ಸಪ್ಪನೆ ಬೇಳೆ ಬೇಯಿಸಿ ಹೇಗೋ ದಿನ ನೂಕಿದಳು. ಜ್ವರ ಬಿಟ್ಟ ಮೇಲೆ ಗೌರವ್ವ ತಲೆಗೆ ಬಟ್ಟೆ ಕಟ್ಟಿಕೊಂಡೇ ಒಲೆಯ ಮುಂದೆ ಬಂದು ಕೂತಳು.

"ಸರಿ ಅತ್ಲಾಗ. ಇಷ್ಟು ದಿನ ಅವರು ರೋಗಿ ಊಟ ಉಂಡಾರ, ಪಾಪ."

ಆ ಸಂಜೆ ಪುಂಡಿಪಲ್ಯ. ಫಕೀರಪ್ಪ ದೊಡ್ಡ ತುತ್ತು ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿದ. ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ಕೆಂಪುಖಾರ ಮಾತ್ರ ಗಂಟಲು ಹರಿಯುವಷ್ಟಿತ್ತು.

"ಜ್ವರದಾಗಿಂದ ಎದ್ದಾಳ, ಮರತಾಳ" ಎಂದು ಅವನೇ ಉಪ್ಪು ಹಾಕಿಸಿಕೊಂಡು ಉಂಡ.

ಮರುದಿನ ಬೇಳೆಯ ಸಾರಿನಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ಅದರ ಮರುದಿನ ಮೊಸರನ್ನದ ಮೊಸರು ಹುಳಿ ಬಂದು ನೊರೆಯೆದ್ದಿತ್ತು. ಖಾರವಂತೂ ದಿನದಿಂದ ದಿನಕ್ಕೆ ಏರುತ್ತಲೇ ಹೋಯಿತು. ಫಕೀರಪ್ಪ ಮೊದಮೊದಲು ನೀರು ಕುಡಿದು ಉಂಡ. ಆಮೇಲೆ ಗೊಣಗಿದ. ಆಮೇಲೆ ತಟ್ಟೆ ದೂಡತೊಡಗಿದ.

"ಯವ್ವಾ, ಸಮುದ್ರ ತಂದು ಒಗ್ಗರಣಿ ಹಾಕಿಯೇನು?" ಎಂದಳು ಗಿರಿಜಾ ಒಂದು ದಿನ.

"ಬಾಯಿ ಮುಚ್ಚಿಕೊಂಡು ಉಣ್ಣು. ಕಾಲೇಜಿಗೆ ಹೋಗಿ ನಾಲಿಗಿ ಉದ್ದಾಗೇತಿ ನಿಂದು" ಎಂದು ಗೌರವ್ವ ಬೈದಳು. ಬೈಗುಳದಲ್ಲಿ ಮೊದಲಿನ ಜೋರಿತ್ತು. ಬೈದ ಮೇಲೆ ಮಾತ್ರ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಕ್ರಮೇಣ ಸಂಜೆಯ ಚಾಪೆ ಮುರುಟಿಕೊಂಡಿತು. ಬಸವಂತ ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಉಂಡು ಬಂದು, "ಹಸಿವಿಲ್ಲ" ಎನ್ನತೊಡಗಿದ. ಗಿರಿಜಾ ಓದುವುದಿದೆ ಎಂದು ಮೊಸರು ರೊಟ್ಟಿ ತಟ್ಟೆಗೆ ಹಾಕಿಕೊಂಡು ಕೋಣೆಗೆ ಹೋಗುತ್ತಿದ್ದಳು. ಫಕೀರಪ್ಪ ಒಬ್ಬನೇ ಕೂತು ಚಟ್ನಿಯಲ್ಲಿ ರೊಟ್ಟಿ ಮುಗಿಸಿ ಏಳುತ್ತಿದ್ದ. ಒಟ್ಟಿಗೆ ಕೂತರಲ್ಲವೇ ಮಾತು? ಅಪ್ಪ ಮಗ ಅಂಗಡಿಯಲ್ಲಿ ಹತ್ತಿಕೊಂಡ ಜಗಳವನ್ನು ಮನೆಗೆ ತಂದು, ಹಾಗೇ ಹೊದ್ದು ಮಲಗತೊಡಗಿದರು. ಪಲ್ಯದ ಗಡಿಗೆ ಅರ್ಧಕ್ಕರ್ಧ ಉಳಿದು ಬೆಳಿಗ್ಗೆ ಎಮ್ಮೆಯವಳ ಬಕೆಟ್ಟಿಗೆ ಹೋಗುತ್ತಿತ್ತು.

ನಿಜ ಹೇಳಬೇಕೆಂದರೆ, ಮೊದಲ ಕೆಲವು ದಿನ ಕಲಾವತಿಗೆ ಒಳಗೊಳಗೇ ಖುಷಿಯಾಗಿತ್ತು. ಪಲ್ಯಕ್ಕೆ ನೀರು ಸುರಿಸಿಕೊಂಡವಳು ಅವಳು. ಈಗ ಅತ್ತೆ ಬಡಿಸಿದ ತಟ್ಟೆಯನ್ನು ದೂಡುವುದನ್ನು ನೋಡಿ, "ಆಗಲಿ, ಗೊತ್ತಾಗಲಿ" ಎಂದು ಅವಳ ಮನಸ್ಸು ಅಂದದ್ದುಂಟು.

ಒಂದು ಮಧ್ಯಾಹ್ನ ಕಲಾವತಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೆಳಗಿನಿಂದ ಕಾಳು ಸೀಯುವ ವಾಸನೆ ಬಂತು. ಮೊದಲು ಆಚೆ ಮನೆಯದಿರಬೇಕು ಎಂದುಕೊಂಡಳು. ವಾಸನೆ ಹೆಚ್ಚಾದಾಗ ಕೈಯಲ್ಲಿದ್ದ ಸೀರೆ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿ ಬಂದಳು.

ಅಡುಗೆಮನೆಯಲ್ಲಿ ಗೌರವ್ವ ಒಲೆಗೆ ಬೆನ್ನು ಮಾಡಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವಳ ಹಿಂದೆ, ಕೈಯಳತೆಯಲ್ಲೇ, ಮುಚ್ಚಿಟ್ಟ ಪಾತ್ರೆಯಲ್ಲಿ ಮಡಕೆಕಾಳು ತಳ ಹತ್ತಿ ಕರಕಾಗುತ್ತಿತ್ತು. ಮುಚ್ಚಳದ ಅಂಚಿನಿಂದ ಹೊಗೆ ನುಸುಳುತ್ತಿತ್ತು. ಮನೆಯೆಲ್ಲ ಸೀದ ವಾಸನೆ. ಗೌರವ್ವ ಆರಾಮಾಗಿ ತಲೆಯೆತ್ತಿ ಸೊಸೆಯನ್ನು ನೋಡಿದಳು.

"ಯಾಕ ಹಂಗ ಓಡಿ ಬಂದಿ? ಮಂಗ್ಯಾ ಬಂದಾವೇನು ಮಾಳಿಗಿ ಮ್ಯಾಲ?"

ಕಲಾವತಿ ಒಲೆ ಆರಿಸಿದಳು. ಅತ್ತೆಯ ಮುಖ ನೋಡಿದಳು.

"ಅತ್ತೀ, ವಾಸನಿ ಬರಲಿಲ್ಲೇನ್ರಿ?"

ಗೌರವ್ವ ತಿರುಗಿ ಪಾತ್ರೆ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಬಂತು. ಬರದ ಏನು? ಈಗ ಏಳಾಕಿದ್ನಿ."

ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಗಲಿಬಿಲಿಯಲ್ಲಿ ಎಲೆಯನ್ನು ಕಸದಲ್ಲಿ ಹಾಕಿ ದಂಟನ್ನು ಬುಟ್ಟಿಗೆ ಹಾಕುತ್ತಿದ್ದಳು. ಕಲಾವತಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಉಪ್ಪಿಲ್ಲದ ಪುಂಡಿಪಲ್ಯ, ನೊರೆಯೆದ್ದ ಮೊಸರು, ಈಗ ಈ ಕಾಳು. ಅತ್ತೆಯ ಕೈ ಕೆಟ್ಟಿರಲಿಲ್ಲ. ಜ್ವರ ಹೋಗುವಾಗ ಅವಳ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಒಯ್ದಿತ್ತು. ಅಡುಗೆಯನ್ನು ಬರೀ ನೆನಪಿನಿಂದ ಮಾಡುತ್ತಿದ್ದಳು, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ.

ಕಲಾವತಿ ಪಾತ್ರೆಗೆ ನೀರು ಹಾಕಿ ನೆನೆಯಲು ಇಟ್ಟಳು.

ಆ ದಿನ ಅಂಗಡಿಯಲ್ಲಿ ಏನಾಗಿತ್ತೋ, ಫಕೀರಪ್ಪ ಸಿಡುಕಿಕೊಂಡೇ ಬಂದ. ಎಲ್ಲರೂ ಕೂತು ಉಣ್ಣಬೇಕೆಂದು ಬಲವಂತದಿಂದ ಕೂರಿಸಿದ. ಗೌರವ್ವ ಮೆಂತ್ಯದ ಪಲ್ಯ ಬಡಿಸಿದಳು. ಒಂದೇ ತುತ್ತಿಗೆ ಅವನ ಕಣ್ಣಲ್ಲಿ ನೀರು ಬಂತು, ಅಷ್ಟು ಖಾರ. ಅವನು ತಟ್ಟೆಯನ್ನು ಗೋಡೆಯವರೆಗೆ ದೂಡಿದ.

"ಸಾಕು ನಿನ್ನ ಅಡಗಿ! ಮನಿ ಅನ್ನೋದು ಮನಿ ಉಳದಿಲ್ಲ. ಮಗ ಹೊರಗ ಉಣ್ಣತಾನ, ಮಗಳು ಕೋಣಿ ಸೇರತಾಳ. ನಾಳಿಂದ ಒಲಿ ಮುಂದ ನೀ ಕುಂದ್ರೂದು ಬ್ಯಾಡ. ಕಲಾವತಿ ನೋಡ್ಕೋತಾಳ. ಏನವಾ ತಂಗಿ, ಆಗತೈತಲ್ಲ?"

ಎಲ್ಲರೂ ಕಲಾವತಿಯ ಕಡೆ ನೋಡಿದರು. ಬಸವಂತ ಹ್ಞೂಂ ಅನ್ನು ಎಂಬಂತೆ ಕಣ್ಣು ಮಾಡಿದ.

ಹ್ಞೂಂ ಎಂದರೆ ಮುಗಿಯಿತು. ಒಲೆ ಅವಳದು, ಡಬ್ಬಿಗಳು ಅವಳವು, ಮನೆಯೇ ಅವಳದು. ಅಥವಾ, "ಅತ್ತಿಗೆ ರುಚಿನೇ ಗೊತ್ತಾಗಂಗಿಲ್ಲ" ಎಂದುಬಿಟ್ಟರೂ ಸಾಕು. ಅದು ಸುಳ್ಳೂ ಅಲ್ಲ. ಕಲಾವತಿ ಅತ್ತೆಯ ಕಡೆ ನೋಡಿದಳು. ಗೌರವ್ವ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಿರಲಿಲ್ಲ, ವಾದಿಸುತ್ತಿರಲಿಲ್ಲ. ಆ ಸಾಲಿನಲ್ಲಿ ಒಬ್ಬರಾದರೂ ತನ್ನ ಪರವಾಗಿ ಮಾತಾಡಿಯಾರೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಆ ನೋಟ ಕಲಾವತಿಗೆ ಗೊತ್ತಿತ್ತು. ತಾನೂ ಒಮ್ಮೆ ಹಾಗೇ ಕಾದವಳು.

"ಮಾವಾರ, ನಾಳೆ ಒಂದ ದಿನ ತಡೀರಿ" ಎಂದಳು. "ನಾಳೆ ಅತ್ತಿನ ಮಾಡ್ಲಿ. ಉಂಡ ಮ್ಯಾಲ ಮಾತಾಡೂನು."

"ನಾಳೆ ಏನು ಬ್ಯಾರೆ ಆಗತೈತಿ?"

"ಉಂಡ ನೋಡ್ರೆಲಾ."

ಫಕೀರಪ್ಪ ಗೊಣಗುತ್ತ ಕೈ ತೊಳೆಯಲು ಎದ್ದ.

ಮರುದಿನ ಗಂಡಸರು ಅಂಗಡಿಗೆ, ಗಿರಿಜಾ ಕಾಲೇಜಿಗೆ ಹೋದ ಮೇಲೆ ಕಲಾವತಿ ಅಡುಗೆಮನೆಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

"ಅತ್ತೀ, ನಿಮಗ ವಾಸನಿ ಹೋಗಿ ಎಷ್ಟು ದಿನ ಆತ್ರಿ?"

"ಯಾರು ಹೇಳಿದ್ರು ನಿನಗ?" ಗೌರವ್ವ ಸಿಡಿದೆದ್ದಳು. "ನನಗೇನೂ ಆಗಿಲ್ಲ. ಎಲ್ಲಾರ ಮುಂದ ಒಳ್ಳ್ಯಾಕಿ ಆಗಾಕ ನೋಡ್ತಿಯೇನು? ನಿನ್ನಿ ಒಂದ್ ಮಾತು ಆಡಿದ್ಯಂತ ನಾ ನಿನ್ನ ಕಾಲಿಗೆ ಬೀಳ್ಬೇಕೇನು?"

ಕಲಾವತಿ ಸುಮ್ಮನೆ ಕೂತಳು. ಉತ್ತರ ಕೊಡಲಿಲ್ಲ, ಎದ್ದೂ ಹೋಗಲಿಲ್ಲ. ಬೈಯುವುದಕ್ಕೆ ಎದುರು ಮಾತು ಬೇಕಲ್ಲ? ಅದು ಸಿಗದೆ ಗೌರವ್ವನ ಜೋರು ತಾನಾಗಿ ಇಳಿಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಜ್ವರ ಬಿಟ್ಟ ದಿನ ಚಾ ಕುಡದ್ನಿ" ಎಂದಳು. "ಬಿಸಿನೀರು ಕುಡದಂಗಾತು. ಸಕ್ರಿ ಹಾಕಿಲ್ಲೇನಂತ ನೋಡಿದ್ರ ತಳದಾಗ ಸಕ್ರಿ ಕುಂತೈತಿ. ನಾಳೆ ಬರತೈತಿ, ನಾಡದ ಬರತೈತಿ ಅಂತ ಹಾದಿ ನೋಡಿದ್ನಿ. ರೊಟ್ಟಿ ತಿಂದ್ರ ರಟ್ಟು ತಿಂದಂಗ. ಖಾರ ಒಂದ ಬಾಯಿ ಸುಡತೈತಿ, ಅದೊಂದ ಗೊತ್ತಾಗತೈತಿ."

"ಅದಕ್ಕ ಖಾರ ಹೆಚ್ಚ ಹಾಕ್ತಿದ್ರೇನ್ರಿ?"

"ಮತ್ತೇನು ಮಾಡ್ಲಿ? ಅಷ್ಟು ಹಾಕಿದ್ರ ಬಾಯಾಗ ಏನರ ಇಟ್ಕೊಂಡೀನಿ ಅನಸ್ತಿತ್ತು."

"ಯಾರಿಗರ ಹೇಳ್ಬೇಕಿತ್ತಲ್ರಿ."

ಗೌರವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಒಲೆಯ ಕಡೆ ಕೈ ತೋರಿಸಿದಳು.

"ನಿಮ್ಮ ಮಾವಗ ಅಂಗಡಿ ಐತಿ. ಬಸವಂತಗ ಅಂಗಡಿ ಐತಿ. ಗಿರಿಜಾಗ ಓದು ಐತಿ. ನಿನಗ ಇನ್ನೂ ವಯಸ್ಸೈತಿ. ನನಗೇನೈತಿ ಹೇಳು? ಸಂಜಿಕೆ ನಾಕು ಮಂದಿ ನನ್ನ ಪಲ್ಯಾ ಉಂಡು ಇನ್ನಷ್ಟು ಹಾಕು ಅಂತಾರಲ್ಲ, ಅದ ನಂದು. ಅದೂ ಹೋತಂದ್ರ ಈ ಮನ್ಯಾಗ ನಾ ಯಾರು?"

ಇಷ್ಟು ದಿನ ಅತ್ತೆ ಗಡಿಗೆಯನ್ನು ಯಾಕೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎಂಬುದು ಕಲಾವತಿಗೆ ಅಂದು ತಿಳಿಯಿತು. ಅದರಲ್ಲಿ ಸೊಕ್ಕು ಇತ್ತು, ಇಲ್ಲವೆನ್ನಲಾಗದು. ಸೊಕ್ಕಿನ ಕೆಳಗೆ ಹೆದರಿಕೆಯೂ ಇತ್ತು. ಪಲ್ಯಕ್ಕೆ ನೀರು ಸುರಿದ ದಿನದ ನೋವು ಕಲಾವತಿಯಲ್ಲಿ ಇನ್ನೂ ಆರಿರಲಿಲ್ಲ. ಆದರೂ ಅವಳು ಬುಟ್ಟಿಯಲ್ಲಿದ್ದ ಎಳೆ ಬದನೆಕಾಯಿಗಳನ್ನು ಎಳೆದುಕೊಂಡಳು.

"ಅತ್ತೀ, ಎಣ್ಣಿಗಾಯಿ ಮಾಡೂನ್ರಿ. ಕೈ ನಿಮ್ದ ಇರ್ಲಿ. ನಾಲಿಗಿ ನಂದು ತಗೋರಿ."

ಹೇಳಿದಷ್ಟು ಸುಲಭವಾಗಿರಲಿಲ್ಲ ಆ ಕೆಲಸ. ಗೌರವ್ವ ಶೇಂಗಾ ಹುರಿದಳು, ಎಳ್ಳು ಹುರಿದಳು. ಇಷ್ಟು ವರ್ಷ ಮೂಗಿಗೆ ವಾಸನೆ ಬಂದ ಕೂಡಲೇ ಇಳಿಸುತ್ತಿದ್ದವಳು ಈಗ, "ಆತೇನು? ಈಗ ಆತೇನು?" ಎಂದು ಕೇಳಬೇಕಾಯಿತು. ಕಲಾವತಿ ಮೂಗು ಮುಂದೆ ಚಾಚಿ, "ಇನ್ನೂ ಹಸಿ ಐತ್ರಿ... ಹ್ಞಾ, ಈಗ ಬಂತು ನೋಡ್ರಿ" ಎನ್ನುತ್ತಿದ್ದಳು. ಮಸಾಲೆ ರುಬ್ಬಿ ಅಂಗೈ ಮೇಲೆ ಹಾಕಿ ಸೊಸೆಯ ಮುಂದೆ ಹಿಡಿದಳು ಗೌರವ್ವ.

"ನೆಕ್ಕು. ಹೆಂಗೈತಿ?"

"ಚಲೋ ಐತ್ರಿ."

"ಚಲೋ ಅಂದ್ರ ನನಗೇನು ತಿಳೀಬೇಕು? ಖಾರ ಎಲ್ಲಿ ಬಡೀತು? ನಾಲಿಗಿ ತುದಿಗೋ, ಗಂಟಲಿಗೋ?"

"ಗಂಟಲಿಗೆ ಬಡೀತ್ರಿ."

"ಹಂಗಾದ್ರ ಬೆಲ್ಲ ಬೇಕು. ಹುಳಿ?"

"ಐತಿ ಇಲ್ಲ ಅನ್ನೂವಂಗ ಐತ್ರಿ."

"ಹುಣಸಿ ರಸ ಇನ್ನೊಂದು ಚಮಚಾ ಹಾಕು. ನಾ ಅಲ್ಲ, ನೀ ಹಾಕು. ಸಾಕು, ಸಾಕು! ಈಗ ನೆಕ್ಕು."

ಕಲಾವತಿ ನೆಕ್ಕಿದಳು. ಬೆಲ್ಲ ಬಿದ್ದು ಖಾರದ ಏಟು ಇಳಿದಿತ್ತು, ಹುಳಿ ಮುಂದೆ ಬಂದಿತ್ತು. ಬರೀ "ಚಲೋ" ಎಂದು ನುಂಗುತ್ತಿದ್ದ ರುಚಿಯೊಳಗೆ ಇಷ್ಟೆಲ್ಲ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಮುಖ ಅರಳಿದ್ದನ್ನು ನೋಡಿ ಗೌರವ್ವ ಮತ್ತೇನೂ ಕೇಳದೆ ಬದನೆಕಾಯಿಯಲ್ಲಿ ಮಸಾಲೆ ತುಂಬತೊಡಗಿದಳು.

ಸಂಜೆ ಚಾಪೆ ಹಾಸಿದರು. ಫಕೀರಪ್ಪ ಅನುಮಾನದಿಂದಲೇ ರೊಟ್ಟಿಯ ಚೂರನ್ನು ರಸಕ್ಕೆ ತಾಕಿಸಿ ಬಾಯಿಗಿಟ್ಟ. ಒಂದು ಕ್ಷಣ ತಡೆದ. ಮತ್ತೊಂದು ತುತ್ತು ದೊಡ್ಡದಾಗಿ ಮುರಿದ. ಖಾನಾವಳಿಯಲ್ಲಿ ಉಂಡು ಬಂದಿದ್ದ ಬಸವಂತ ಸುಮ್ಮನೆ ಪಕ್ಕದಲ್ಲಿ ಕೂತವನು, ಅಪ್ಪನ ತಟ್ಟೆ ನೋಡಿ, "ನನಗೂ ಒಂದ್ ರೊಟ್ಟಿ ಹಾಕ್ರಿ" ಎಂದ. ಗಿರಿಜಾ ಬೆರಳು ನೆಕ್ಕಿದಳು.

"ಗೌರಾ, ನಿನ್ನ ಕೈ ತಿರುಗಿ ಬಂತು ನೋಡು!" ಎಂದ ಫಕೀರಪ್ಪ. "ಇಷ್ಟು ದಿನ ಏನಾಗಿತ್ತು ಧಾಡಿ? ನಿನ್ನಿ ಬೈದದ್ದಕ್ಕ ಇವತ್ತು ಸರಿ ಆತಲ್ಲ."

ಕಲಾವತಿ ರೊಟ್ಟಿ ಬಡಿಸುತ್ತ ತಲೆ ತಗ್ಗಿಸಿದಳು. ಈ ಹೊಗಳಿಕೆಯನ್ನು ಅತ್ತೆಯೇ ಇಟ್ಟುಕೊಳ್ಳಲಿ ಎಂದು ಅವಳು ಬೆಳಿಗ್ಗೆಯೇ ಮನಸ್ಸು ಮಾಡಿದ್ದಳು. ಗೌರವ್ವ ನಕ್ಕು ಸುಮ್ಮನಾಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವಳು ನಕ್ಕಳು ಕೂಡ. ಆಮೇಲೆ ನಗು ನಿಲ್ಲಿಸಿ ಸೌಟನ್ನು ಪಾತ್ರೆಯಲ್ಲಿ ಇಟ್ಟಳು.

"ಬೈದದ್ದಕ್ಕ ಸರಿ ಆಗಿಲ್ರಿ. ಇದರಾಗ ಕೈ ನಂದು, ನಾಲಿಗಿ ಇಕಿದು. ನನಗ ಜ್ವರದಾಗಿಂದ ಉಪ್ಪು ಗೊತ್ತಾಗವಲ್ದು, ಹುಳಿ ಗೊತ್ತಾಗವಲ್ದು, ಸೀದದ್ದೂ ಗೊತ್ತಾಗವಲ್ದು. ನೀವು ಉಣ್ಣೂವಾಗ ನಿಮ್ಮ ಮಾರಿ ನೋಡಿ ಅಡಗಿ ಹೆಂಗಾಗೇತಂತ ತಿಳ್ಕೋತಿದ್ನಿ. ಇಕಿಗೆ ನಿನ್ನೆನ ತಿಳಿದಿತ್ತು. ನಿನ್ನೆನ ಒಲಿ ಕಸಗೋಬಹುದಿತ್ತು. ಕಸಗೊಳ್ಳಲಿಲ್ಲ."

ಫಕೀರಪ್ಪನ ಕೈಯಲ್ಲಿ ತುತ್ತು ಹಾಗೇ ಇತ್ತು.

"ಹಂಗಾದ್ರ ಇಷ್ಟು ದಿನ ನೀ ಹೆಂಗ ಉಣ್ಣತಿದ್ದಿ?"

"ಹೊಟ್ಟಿಗಿ ಹಾಕ್ಕೋತಿದ್ನಿ."

"ನಾ ತಾಟು ದೂಡಿದ್ನೆಲ್ಲ..." ಎಂದ ಫಕೀರಪ್ಪ. ಇಷ್ಟು ದಿನದಲ್ಲಿ ಪಲ್ಯಕ್ಕೆ ಏನಾಯಿತು ಎಂದು ಅವನು ಕೇಳಿದ್ದ. ಗೌರವ್ವನಿಗೆ ಏನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವನು ಎದ್ದು ಅಡುಗೆಮನೆಗೆ ಹೋದ. ಒಳಗೆ ಡಬ್ಬಿ ಬೀಳುವ ಸದ್ದು, ಮುಚ್ಚಳ ಉರುಳುವ ಸದ್ದು.

"ಏನು ಹುಡಕಾಕತ್ತೀರಿ?" ಎಂದು ಗೌರವ್ವ ಕೂಗಿದಳು.

"ತಾಟು ಎಲ್ಲಿ ಇಡತೀರಿ ನೀವು?"

ತನ್ನ ಮನೆಯಲ್ಲಿ ತಟ್ಟೆ ಎಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗಿರಿಜಾ ಓಡಿಹೋಗಿ ತೋರಿಸಿದಳು. ಅವನು ಎರಡು ತಟ್ಟೆ ತಂದು ಚಾಪೆಯ ಮೇಲೆ ಇಟ್ಟು, ಒಂದರ ಮುಂದೆ ಹೆಂಡತಿಯನ್ನು, ಇನ್ನೊಂದರ ಮುಂದೆ ಸೊಸೆಯನ್ನು ಕೂರಿಸಿದ. ಬಸವಂತ ಎದ್ದು ರೊಟ್ಟಿಯ ಬುಟ್ಟಿ ಹಿಡಿದುಕೊಂಡ. ಗಂಡಸರು ಬಡಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ರಸವೆಲ್ಲ ರೊಟ್ಟಿಯ ಮೇಲೆ ಚೆಲ್ಲಿತು, ಬದನೆಕಾಯಿ ಚಾಪೆಗೆ ಬಿತ್ತು.

"ಯವ್ವಾ, ನಾ ಸಮುದ್ರ ಅಂದಿದ್ನೆಲ್ಲ" ಎಂದು ಗಿರಿಜಾ ತಾಯಿಯ ಭುಜಕ್ಕೆ ಮುಖ ಒತ್ತಿದಳು.

"ಸುಮ್ನಿರ. ಉಣ್ಣೂವಾಗ ಅಳಬಾರ್ದು" ಎಂದಳು ಗೌರವ್ವ, ತಾನೂ ಅಳುತ್ತ. ಆಮೇಲೆ ಸೊಸೆಯ ಕಡೆ ತಿರುಗಿ, ಮೆಲ್ಲಗೆ, "ಅವತ್ತು ನಿನ್ನ ಪಲ್ಯಾಕ್ಕ ನೀರು ಹಾಕಬಾರದಿತ್ತು ನಾ" ಎಂದಳು. ಕಲಾವತಿ ಅತ್ತೆಯ ತಟ್ಟೆಗೆ ಇನ್ನೊಂದು ಬದನೆಕಾಯಿ ಹಾಕಿದಳು.

ಫಕೀರಪ್ಪ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡವಾಗುತ್ತದೆ, ಕಾಯಬೇಕು ಎಂದರು ಡಾಕ್ಟರು. ಬೇಸಿಗೆ ಬರುವ ಹೊತ್ತಿಗೆ ಗೌರವ್ವನ ನಾಲಿಗೆಗೆ ಮೊದಲು ಹುಳಿ ಬಂತು, ಆಮೇಲೆ ಉಪ್ಪು ಬಂತು. ವಾಸನೆ ಮಾತ್ರ ಪೂರ್ತಿ ಬರಲೇ ಇಲ್ಲ. ಎಳ್ಳು ಹುರಿಯುವಾಗ ಇವತ್ತಿಗೂ ಅವಳು ಸೊಸೆಯನ್ನು ಕರೆಯುತ್ತಾಳೆ. ಹೊತ್ತಿಗೆ ಸರಿಯಾಗಿ ಎಲ್ಲರೂ ಚಾಪೆಗೆ ಬರುತ್ತಾರೆ. ಒಮ್ಮೊಮ್ಮೆ ಪಲ್ಯ ಸಪ್ಪಗಾಗುತ್ತದೆ, ಒಮ್ಮೊಮ್ಮೆ ರೊಟ್ಟಿ ಕರಕಾಗುತ್ತದೆ. ಆಗ ಫಕೀರಪ್ಪ ಮೊದಲು ಬಡಿಸಿದವರ ಮುಖ ನೋಡುತ್ತಾನೆ, ಆಮೇಲೆ ತಟ್ಟೆ ನೋಡುತ್ತಾನೆ.

ಒಂದು ಸಂಜೆ ಆಚೆ ಮನೆಯ ಈರಪ್ಪ ಏನೋ ಕೇಳಲು ಬಂದವನು ಬಾಗಿಲಲ್ಲೇ ನಿಂತು ಮೂಗೆಳೆದ.

"ಏನ್ ಘಮಾ ಬಿಟ್ಟೈತಿ ಮಾರಾಯಾ! ಇವತ್ತು ಅಡಗಿ ಯಾರದು? ಅತ್ತಿದೋ, ಸೊಸಿದೋ?"

ಫಕೀರಪ್ಪ ಚಾಪೆಯ ಮೇಲೆ ಒತ್ತರಿಸಿ ಕೂತು ಜಾಗ ಮಾಡಿದ.

"ಅದು ನಮಗೂ ತಿಳಿಯಂಗಿಲ್ಲಪ್ಪಾ. ಬಾ, ಕುಂದ್ರು, ಉಣ್ಣು."

ನೀತಿ: ತಟ್ಟೆಯಲ್ಲಿ ತಪ್ಪು ಕಂಡಾಗ ಬಡಿಸಿದವರನ್ನು ಬೈಯುವ ಮೊದಲು, ಅವರಿಗೆ ಏನಾಗಿದೆ ಎಂದು ಕೇಳಬೇಕು. ಮನೆಯವರ ಕೊರತೆ ನಮ್ಮ ಕಣ್ಣಿಗೆ ಬಿದ್ದರೆ ಅವರ ಜಾಗವನ್ನು ಕಿತ್ತುಕೊಳ್ಳಬಾರದು, ಅವರ ಪಕ್ಕದಲ್ಲಿ ಹೋಗಿ ಕೂರಬೇಕು. ನಮ್ಮನ್ನು ನೋಯಿಸಿದವರಿಗೂ ಹಾಗೆ ಮಾಡಬಲ್ಲವರಿಂದಲೇ ಮನೆ ಒಂದಾಗಿ ಉಳಿಯುತ್ತದೆ.